ಕರಿಬೇವಿನ ಕುಂಡದ ಇರುವೆಗಳು

ಮೆಕಿನ್ನಿಯಿಂದ ಆಸ್ಟಿನ್ನಿನವರೆಗೆ, ಕನ್ನಡದ ಯಾವ ಮನೆಯಲ್ಲಿ ಬಸುರಿ ಇದ್ದು ಊರಿನಿಂದ ತಾಯಿಗೋ ಅತ್ತೆಗೋ ವೀಸಾ ಸಿಗಲಿಲ್ಲವೆಂದರೆ, ಆ ಮನೆಯವರು ಮೊದಲು ಫೋನ್ ಮಾಡುವುದು ಹ್ಯೂಸ್ಟನ್ನಿನ ಕಮಲವ್ವನಿಗೆ. ಗದಗಿನ ಹೆಂಗಸು, ವಯಸ್ಸು ಅರವತ್ತೆರಡು, ಕಸುಬು ಬಾಣಂತನ ಮಾಡುವುದು. ನಲವತ್ತು ದಿನ ಮನೆಯಲ್ಲೇ ಇದ್ದು, ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ, ಸುಡುಸುಡು ನೀರು ಹುಯ್ದು, ಅಳವಿ ಪಾಯಸ, ಅಂಟಿನುಂಡೆ, ಬೆಳ್ಳುಳ್ಳಿ ಚಟ್ನಿ, ಸಬ್ಬಸಿಗೆ ಪಲ್ಯ ಮಾಡಿ ಹಾಕಿ, ನಲವತ್ತೊಂದನೇ ದಿನ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುವುದು ಅವಳ ಪದ್ಧತಿ.

ಅವಳ ಕೈಗುಣದ ಬಗ್ಗೆ ಒಂದು ಮಾತು ಹಬ್ಬಿತ್ತು. ಕಮಲವ್ವ ಹೊಸ್ತಿಲು ದಾಟಿದರೆ ಮೂರು ದಿನದಲ್ಲಿ ಹಾಲು ಇಳಿಯುತ್ತದೆ ಎಂದು. ಈ ಮಾತು ಅವಳ ಕಿವಿಗೂ ಬಿದ್ದಿತ್ತು, ಅದನ್ನವಳು ಒಂದು ಸಲವೂ ಅಲ್ಲಗಳೆದಿರಲಿಲ್ಲ. ಸಾಫ್ಟ್‌ವೇರ್ ಗಂಡಂದಿರು ಯಾವ ಕಡೆ ಎಷ್ಟು ನಿಮಿಷ ಕುಡಿಯಿತು ಎಂದು ಫೋನಿನಲ್ಲಿ ಗುರುತು ಹಾಕಿಕೊಳ್ಳುವುದನ್ನು ನೋಡಿ, "ಎಮ್ಮಿಗೂ ಇಷ್ಟು ಲೆಕ್ಕ ಯಾರೂ ಇಡಂಗಿಲ್ರೀ" ಎಂದು ನಗುತ್ತಿದ್ದಳು. ಬಾಟಲಿ ಕೇಳಿದ ತಾಯಂದಿರ ಮುಂದೆ ಮಾತ್ರ ನಗುತ್ತಿರಲಿಲ್ಲ. ಡಬ್ಬಿ ಹಾಲು ಎಂಬ ಶಬ್ದ ಬಂದರೆ ಸಾಕು, ಮುಖ ಗಂಟಿಕ್ಕಿಕೊಂಡು ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು.

ಅವಳ ಮಗಳು ವೈಷ್ಣವಿ ಬೆಳೆದದ್ದು ಮಾತ್ರ ಡಬ್ಬಿ ಹಾಲಿನಲ್ಲೇ. ಯಾರಾದರೂ ಕೇಳಿದರೆ ಕಮಲವ್ವ "ನನಗ ಹಾಲ ಬರಲಿಲ್ಲ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದಳು. ಅದು ಸುಳ್ಳು. ಮೂವತ್ತು ವರ್ಷ ಆಡಿ ಆಡಿ ನಯವಾಗಿದ್ದ ಸುಳ್ಳು. ಈಗ ಆಸ್ಟಿನ್ನಿನಲ್ಲಿ ಹಲ್ಲಿನ ಡಾಕ್ಟರಾಗಿರುವ ವೈಷ್ಣವಿ ಬಸುರಿಯಾಗಿದ್ದಳು. ಐದನೇ ತಿಂಗಳಲ್ಲಿ ಒಂದು ದಿನ ಫೋನಿನಲ್ಲಿ ಕೇಳಿದಳು: "ಅವ್ವಾ, ನಿಂಗ ಹಾಲ ಬರ್ಲಿಲ್ಲ ಅಂದ್ರ ನಂಗೂ ಬರಂಗಿಲ್ಲೇನು? ಐ ಥಿಂಕ್ ಐ ಶುಡ್ ಜಸ್ಟ್ ಪ್ಲ್ಯಾನ್ ಫಾರ್ ಫಾರ್ಮುಲಾ." ಕಮಲವ್ವ "ನೋಡೋಣಂತ" ಎಂದಳು, ಕುಕ್ಕರ್ ಕೂಗಿತೆಂದು ಫೋನ್ ಇಟ್ಟಳು. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ.

ಬೆಲ್ಲೇರ್ ರಸ್ತೆಯ ಹಿಂದಿನ ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಕಮಲವ್ವನ ಮನೆ. ಗಂಡ ಚನ್ನಮಲ್ಲಪ್ಪ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಕಾಲದಿಂದಲೂ ಅದೇ ಮನೆ. ಗಂಡ ತೀರಿಕೊಂಡ ಮೇಲೆ ಅಂಗಡಿ ಮಾರಿದಳು, ಮನೆ ಬಿಡಲಿಲ್ಲ. ಸುತ್ತ ಇದ್ದ ಗುಜರಾತಿಗಳು ಒಬ್ಬೊಬ್ಬರಾಗಿ ಊರಾಚೆಯ ಶುಗರ್‌ಲ್ಯಾಂಡಿಗೆ ಶಿಫ್ಟ್ ಆದರು, ಅವರ ಜಾಗಕ್ಕೆ ವಿಯೆಟ್ನಾಮಿನವರು ಬಂದರು. ಬಾಗಿಲ ಮುಂದಿನ ಉದ್ದ ಪಡಸಾಲೆ ಅವಳಿಗೂ ಪಕ್ಕದ ಮನೆಗೂ ಸೇರಿ ಒಂದೇ. ಅಲ್ಲಿ ಅವಳ ಕರಿಬೇವಿನ ಕುಂಡ ಇತ್ತು. ಆ ಮಹಡಿಗೆಲ್ಲ ಮಣ್ಣು ಎಂದು ಇದ್ದದ್ದು ಆ ಕುಂಡದಲ್ಲಿ ಮಾತ್ರ.

ಪಕ್ಕದ ಮನೆಯ ಸೊಸೆ ತ್ರಾಮ್. ಇಪ್ಪತ್ತೆಂಟರ ಹುಡುಗಿ, ಉಗುರಿಗೆ ಬಣ್ಣ ಹಚ್ಚುವ ಸಲೂನಿನಲ್ಲಿ ಕೆಲಸ. ಗಂಡ ಸಮುದ್ರದಲ್ಲಿ ಸೀಗಡಿ ಹಿಡಿಯುವ ದೋಣಿಯ ಮೇಲಿರುತ್ತಿದ್ದ, ಮೂರು ವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಮನೆಯಲ್ಲಿ ಅತ್ತೆ ಬಾ ನಾಮ್. ಹೆಸರು ಹಿಡಿಯದೆ ಹುಟ್ಟಿದ ಸಾಲಿನ ಸಂಖ್ಯೆ ಹಿಡಿದು ಕರೆಯುವುದು ಅವರ ಕಡೆಯ ರೂಢಿ. ಬಾ ಎಂದರೆ ಅಜ್ಜಿ, ನಾಮ್ ಎಂದರೆ ಐದು. ಕಮಲವ್ವನಿಗೂ ತ್ರಾಮ್‌ಗೂ ನಡುವೆ ಇದ್ದದ್ದು ಇಂಗ್ಲಿಷ್. ಒಬ್ಬಳು ಕಿರಾಣಿ ಅಂಗಡಿಯಲ್ಲಿ ಕಲಿತದ್ದು, ಇನ್ನೊಬ್ಬಳು ಸಲೂನಿನಲ್ಲಿ ಕಲಿತದ್ದು, ಇಬ್ಬರಿಗೂ ಸಾಕಾಗುವಷ್ಟಿತ್ತು.

ತ್ರಾಮ್ ಹೆತ್ತಾಗ ಕಮಲವ್ವ ಆಸ್ಟಿನ್ನಿನಲ್ಲಿ ಒಂದು ಬಾಣಂತನದಲ್ಲಿದ್ದಳು. ಇತ್ತ ಬಾ ನಾಮ್ ಕೂಡ ಸೊಸೆಗೆ ಒಂದು ತಿಂಗಳು ಬಾಣಂತನ ಮಾಡಿದ್ದಳು. ತಲೆಗೆ ನೀರಿಲ್ಲ, ತಣ್ಣನೆಯದು ಮುಟ್ಟುವಂತಿಲ್ಲ, ಕಿವಿಯಲ್ಲಿ ಹತ್ತಿ, ಮೆಣಸು ಹಾಕಿದ ಬಿಸಿ ಊಟ. ಗದಗಿಗೂ ಮೆಕಾಂಗ್ ನದಿಯ ದಂಡೆಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಕಮಲವ್ವನಿಗೆ ಅನ್ನಿಸಿದ್ದು ಇದನ್ನು ಕೇಳಿದ ಮೇಲೆ. ಹಂದಿ ಕಾಲಿನ ಸಾರಿನ ವಿಷಯ ಬಂದಾಗ ಮಾತ್ರ ಲಿಂಗ ಕಟ್ಟಿದ ಹೆಂಗಸು "ಶಿವಶಿವಾ" ಎಂದು ಮಾತು ಬದಲಿಸಿದ್ದಳು.

ಕಮಲವ್ವ ಹ್ಯೂಸ್ಟನ್ನಿಗೆ ಮರಳಿದಾಗ ಕೂಸಿಗೆ ಆರು ವಾರ. ತ್ರಾಮ್ ಹಿಂದಿನ ವಾರವೇ ಕೆಲಸಕ್ಕೆ ಹೋಗತೊಡಗಿದ್ದಳು. ಹೆಣ್ಣು ಕೂಸು, ಅದನ್ನು ಮನೆಯಲ್ಲಿ ತೆಪ್ ಎಂದು ಕರೆಯುತ್ತಿದ್ದರು, ಸಣ್ಣ ಸೀಗಡಿ ಎಂದರ್ಥ. ಬಾ ನಾಮ್ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿ ಹಿಡಿದಿದ್ದಳು. ಸಂಜೆ ತ್ರಾಮ್ ಬಂದ ಮೇಲೂ ಬಾಟಲಿಯೇ. ಭಾನುವಾರ ಸಲೂನಿಗೆ ರಜೆ, ಅವತ್ತೂ ಬಾಟಲಿಯೇ.

ಪಾಪ, ಹುಡುಗಿಗೆ ಹಾಲಿಲ್ಲ ಎಂದುಕೊಂಡಳು ಕಮಲವ್ವ. ಕೇಳಲಿಲ್ಲ. ನೂರಾರು ಬಾಣಂತಿಯರನ್ನು ಕಂಡ ತಾನು ಕೇಳುವುದೇನಿದೆ ಎಂಬ ಗತ್ತು. ಮರುದಿನದಿಂದಲೇ ಪಕ್ಕದ ಮನೆಗೆ ಡಬ್ಬಿ ಹೋಗತೊಡಗಿತು. ಅಳವಿ ಪಾಯಸ, ಮೆಂತ್ಯದ ಉಂಡೆ, ಬೆಳ್ಳುಳ್ಳಿ ಹುರಿದು ಹಾಕಿದ ಸಬ್ಬಸಿಗೆ ಪಲ್ಯ. ತ್ರಾಮ್ ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆ ಬಾಗಿಸಿ, ಬಾಗಿಲಲ್ಲೇ ನಿಂತು ಒಂದು ತುತ್ತು ತಿಂದು ತೋರಿಸುತ್ತಿದ್ದಳು. ಹಿರಿಯರು ಕೊಟ್ಟದ್ದನ್ನು ಬೇಡವೆನ್ನುವುದು ಅವರಲ್ಲಿ ಇಲ್ಲ. ನಮ್ಮಲ್ಲಿಯೂ ಇರಲಿಲ್ಲ, ಈಗ ಡಯಟ್ ಎಂದು ಹೇಳಿ ಬೇಡವೆನ್ನುತ್ತೇವೆ.

"ಹಾಲ ಬಂತೇನು?" ಎಂದು ನಾಲ್ಕನೇ ದಿನ ಕೇಳಿದಳು.

"ಬಂತು ಆಂಟಿ. ಥ್ಯಾಂಕ್ ಯು," ಎಂದಳು ತ್ರಾಮ್, ಮುಖ ಎತ್ತದೆ.

ಕಮಲವ್ವ ಖುಷಿಯಲ್ಲಿ ಉಂಡೆಯ ಗಾತ್ರ ಹೆಚ್ಚಿಸಿದಳು. ಆದರೂ ಬಾಟಲಿ ನಿಲ್ಲಲಿಲ್ಲ. ಅದೇ ವಾರ ಕರಿಬೇವಿನ ಕುಂಡಕ್ಕೆ ಇರುವೆ ಮುತ್ತಿದವು. ಮೊದಲು ಒಂದು ಸಾಲು, ಆಮೇಲೆ ಕುಂಡದ ಬಾಯಿಯ ಸುತ್ತ ಕಪ್ಪಗೆ. ಮಣ್ಣು ಮುಟ್ಟಿದರೆ ಜಿಗುಟು, ಮೂಸಿದರೆ ಹುಳಿ ವಾಸನೆ. ಯಾರೋ ಸೋಡಾ ಸುರಿದಿದ್ದಾರೆ ಎಂದು ಬಯ್ದುಕೊಂಡು ಅರಿಶಿನ ಉದುರಿಸಿದಳು. ಇರುವೆಗಳು ಒಂದು ದಿನ ಬಿಟ್ಟು ಮತ್ತೆ ಬಂದವು.

ಗುರುವಾರ ಸಂಜೆ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗ, ಒಗೆದ ಬಟ್ಟೆ ತೆಗೆದುಕೊಳ್ಳಲು ಹೊರಗೆ ಬಂದವಳಿಗೆ ತ್ರಾಮ್ ಕಂಡಳು. ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಸ್ಟೀಲಿನ ಲೋಟ. ಅದನ್ನು ಗಿಡದ ಬುಡಕ್ಕೆ ನಿಧಾನವಾಗಿ ಬಗ್ಗಿಸಿ, ಲೋಟ ಕೆಳಗಿಟ್ಟು, ಕೈ ಜೋಡಿಸಿದಳು. ಲೋಟದ ಅಂಚಿನಲ್ಲಿ ಹಾಲು.

ಕಮಲವ್ವನಿಗೆ ಎಲ್ಲ ಒಮ್ಮೆಲೇ ತಿಳಿಯಿತು. ತಾನು ಕುಟ್ಟಿದ ಮೆಂತ್ಯ, ಹುರಿದ ಅಳವಿ, ಸೋಸಿದ ತುಪ್ಪ ಎಲ್ಲವೂ ಹಾಲಾಗಿ ಈ ಮಣ್ಣಿಗೆ ಬಿದ್ದಿತ್ತು. ರಕ್ತ ತಲೆಗೇರಿತು.

"ಹಾಲಿಲ್ಲ ಅಂತ ಜನ ಅಳ್ತಾರ," ಎಂದಳು. ದನಿ ದೊಡ್ಡದಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚುವಂತಿತ್ತು. "ನೀ ಇದ್ದ ಹಾಲು ಚೆಲ್ಲಾಕತ್ತೀದಿ. ಎಂಥಾ ತಾಯಿ ನೀನು?"

ತ್ರಾಮ್ ಎದ್ದಳು. ತಲೆ ಬಾಗಿಸಿ "ಸಾರಿ ಆಂಟಿ" ಎಂದು ಒಳಗೆ ಹೋದಳು. ಕಮಲವ್ವ ಬಟ್ಟೆ ತೆಗೆಯುವುದನ್ನು ಮರೆತು ಅಲ್ಲೇ ನಿಂತಳು. ಈ ಮಾತು ಆಡುವ ಹಕ್ಕು ಊರಲ್ಲಿ ಯಾರಿಗಾದರೂ ಇರಲಿ, ತನಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆಡಿ ಆಗಿತ್ತು.

ಶನಿವಾರ ಬೆಳಿಗ್ಗೆ ಬಾ ನಾಮ್ ಬಾಗಿಲು ಬಡಿದಳು. ಇಂಗ್ಲಿಷ್ ಬಾರದ ಮುದುಕಿ ಕಮಲವ್ವನ ಕೈ ಹಿಡಿದು ಎಳೆದುಕೊಂಡೇ ಹೋದಳು. ತ್ರಾಮ್ ಹಾಸಿಗೆಯ ಮೇಲೆ ನಡುಗುತ್ತಿದ್ದಳು, ಮೈ ಹಂಚಿನಂತೆ ಸುಡುತ್ತಿತ್ತು. ಎಡಗಡೆಯ ಎದೆ ಕೆಂಪಗೆ ಬಿಗಿದು ಕಲ್ಲಾಗಿತ್ತು. ಕಮಲವ್ವ ಒಮ್ಮೆ ಮುಟ್ಟಿ ನೋಡಿದ್ದೇ ಸಾಕಾಯಿತು. ಗುರುವಾರದಿಂದ ಹುಡುಗಿ ಹಾಲು ಹಿಂಡಿರಲಿಲ್ಲ. ಚೆಲ್ಲಬೇಡ ಎಂದು ಹಿರಿಯಳು ಬಯ್ದಿದ್ದಳಲ್ಲ, ಚೆಲ್ಲಿರಲಿಲ್ಲ. ಕೂಸಿಗೂ ಕೊಟ್ಟಿರಲಿಲ್ಲ. ಒಳಗೇ ತಡೆದುಕೊಂಡಿದ್ದಳು, ಮೇಲೆ ಕಮಲವ್ವನ ಉಂಡೆಗಳನ್ನೂ ತಿಂದಿದ್ದಳು.

ಕಮಲವ್ವ ತನ್ನ ಹಳೆಯ ಕೊರೊಲಾ ತೆಗೆದಳು. ಎರಡು ಮೈಲಿ ದೂರದ ಕ್ಲಿನಿಕ್ಕಿನಲ್ಲಿ ವಿಯೆಟ್ನಾಮಿನವಳೇ ಒಬ್ಬ ನರ್ಸ್ ಇದ್ದಳು. ಮದ್ದು ಬರೆಸಿಕೊಟ್ಟು, ಹಾಲು ಹೇಗೆ ಇಳಿಸಬೇಕೆಂದು ತೋರಿಸಿ, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಅವರ ಭಾಷೆಯಲ್ಲಿ ಏನೋ ಕೇಳಿದಳು. ತ್ರಾಮ್ ಮೊದಲು ಎರಡು ಮಾತು ಹೇಳಿದಳು. ಮತ್ತೆ ಹತ್ತು ಮಾತು. ಮತ್ತೆ ಮುಖ ಮುಚ್ಚಿಕೊಂಡು ಅಳತೊಡಗಿದಳು, ನರ್ಸ್ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಳು. ಕಮಲವ್ವ ಮೂಲೆಯಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಆ ನರ್ಸ್ ಹಾಗೆ ಹತ್ತಿರ ಕೂತು ಕೇಳಿದಂತೆ ತಾನು ಒಂದು ದಿನವೂ ಕೇಳಿರಲಿಲ್ಲ ಎಂದು ಅವಳಿಗೆ ಅರಿವಾಯಿತು.

ಮರಳುವಾಗ ಕಾರಿನಲ್ಲಿ ತ್ರಾಮ್ ತಾನಾಗಿಯೇ ಹೇಳಿದಳು. ಎರಡು ವರ್ಷದ ಹಿಂದೆ ಇನ್ನೊಂದು ಬಸುರಿತ್ತು. ಆಗಲೂ ಅದೇ ಸಲೂನು, ಅದೇ ಬಾಗಿಲು ಮುಚ್ಚಿದ ಕೋಣೆ, ಅದೇ ಬಣ್ಣ ತೆಗೆಯುವ ದ್ರವದ ಘಾಟು, ಉಗುರಿನ ಪುಡಿ. ಆರನೇ ತಿಂಗಳಲ್ಲಿ ಕೂಸು ಜೀವವಿಲ್ಲದೆ ಹುಟ್ಟಿತು. ಗಂಡು.

"ಡಾಕ್ಟರು, ಕಾರಣ ಗೊತ್ತಿಲ್ಲ ಅಂದರು," ಎಂದಳು ತ್ರಾಮ್. "ಯಾರಿಗೂ ಗೊತ್ತಿಲ್ಲ ಅಂದರೆ ಕಾರಣ ನಾನೇ ಅಲ್ಲವಾ ಆಂಟಿ?"

ಕಮಲವ್ವ ಕೆಂಪು ಸಿಗ್ನಲ್ಲಿಗೆ ಕಾರು ನಿಲ್ಲಿಸಿದಳು.

"ಈ ಸಲ ಐದು ವಾರ ಮನೆಯಲ್ಲಿದ್ದೆ. ಹಾಲು ಚೊಕ್ಕಟ ಇತ್ತು. ಕೊಟ್ಟೆ. ಕೆಲಸಕ್ಕೆ ಹೋದ ದಿನ ಸಂಜೆ ಕೈ ಮೂಸಿದೆ, ಕೂದಲು ಮೂಸಿದೆ. ಎಲ್ಲ ಅದೇ ವಾಸನೆ. ಹಾಲಿನಲ್ಲೂ ಅದೇ ಇರುತ್ತದೆ ಅನ್ನಿಸಿತು. ತೆಪ್‌ಗೆ ಹೇಗೆ ಕೊಡಲಿ?" ಹಿಂದಿನ ಸೀಟಿನಲ್ಲಿದ್ದ ಕೂಸಿನ ಕಡೆ ತಿರುಗಿ ಹೇಳಿದಳು: "ಮೋರಿಗೆ ಸುರಿಯಲು ಮನಸ್ಸಾಗಲಿಲ್ಲ. ಅವಳದಲ್ಲವಾ? ಮಣ್ಣು ಇದ್ದದ್ದು ನಿಮ್ಮ ಕುಂಡದಲ್ಲಿ ಮಾತ್ರ."

ಸಿಗ್ನಲ್ ಹಸಿರಾದರೂ ಕಮಲವ್ವ ಕಾರು ಬಿಡಲಿಲ್ಲ. ಹಿಂದಿನವನು ಹಾರ್ನ್ ಹಾಕಿದ ಮೇಲೆ ಬಿಟ್ಟಳು.

ನರ್ಸ್ ಏನೆಂದಳು ಎಂದು ಕೇಳಿದ್ದಕ್ಕೆ ತ್ರಾಮ್ ಬೆರಳು ಮಡಚುತ್ತ ಹೇಳಿದಳು. ಕೈಗವಸು, ಮಾಸ್ಕ್ ಹಾಕಿಕೊಳ್ಳಬೇಕು. ಸಲೂನಿನವರಿಗೆ ಫ್ಯಾನ್ ಹಾಕಲು, ಬಾಗಿಲು ತೆರೆದಿಡಲು ಕೇಳಬೇಕು. ಮನೆಗೆ ಬಂದು ಸ್ನಾನ ಮಾಡಿ ಬಟ್ಟೆ ಬದಲಿಸಿ ಹಾಲು ಕೊಡಬಹುದು, ಅದು ವಿಷವಲ್ಲ. ಕೊಡದೆ ಡಬ್ಬಿ ಹಾಲೇ ಸಾಕೆಂದರೂ ಮಗು ಚೆನ್ನಾಗಿ ಬೆಳೆಯುತ್ತದೆ, ಅದೂ ತಪ್ಪಲ್ಲ. ಮೊದಲ ಮಗುವಿನ ವಿಷಯ ಡಾಕ್ಟರಿಗೇ ಗೊತ್ತಿಲ್ಲದ್ದು, ಅದಕ್ಕೆ ನಿನ್ನನ್ನೇ ಅಪರಾಧಿ ಮಾಡಿಕೊಳ್ಳಬೇಡ.

"ಹೌದು ಅಂದೆ," ಎಂದಳು ತ್ರಾಮ್. "ಆದರೆ ಭಯ ಹೋಗಿಲ್ಲ. ನೀವು ಹೇಳಿ ಆಂಟಿ. ನಾನು ಏನು ಮಾಡಲಿ?"

ಯಾರಾದರೂ ಇದನ್ನು ಕೇಳಲಿ ಎಂದೇ ಕಾದಿರುತ್ತಿದ್ದ ಹೆಂಗಸು ಕಮಲವ್ವ. ಅವತ್ತು ಅವಳು ಬುದ್ಧಿ ಹೇಳಲು ಹೋಗಲಿಲ್ಲ. ಅಪಾರ್ಟ್‌ಮೆಂಟಿನ ನೆರಳಿನಲ್ಲಿ ಕಾರು ನಿಲ್ಲಿಸಿ, ಎ.ಸಿ. ಚಾಲೂ ಇಟ್ಟು, ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡೇ ಮಾತು ತೆಗೆದಳು.

"ನನ್ನ ಮಗಳು ಹುಟ್ಟಿದಾಗ ನಾವು ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಅಂಗಡಿ ಹೊಸಾದು. ನಮ್ಮ ಯಜಮಾನ್ರು ಮಾಲು ತರಾಕ ಹೋದ್ರ ಗಲ್ಲಾದ ಮುಂದ ನಾನ ನಿಲ್ಲಬೇಕು. ಐದನೇ ವಾರದಿಂದ ನಿಂತೆ. ಕೂಸು ಹಿಂದ ಅಕ್ಕಿ ಚೀಲದ ಮ್ಯಾಲ ಮಲಗಿರ್ತಿತ್ತು. ಅದು ಅತ್ತಾಗೆಲ್ಲ ನನ್ನ ಕುಬಸ ತೋಯ್ತಿತ್ತು. ಒಂದಿನ ಒಬ್ಬ ಗಿರಾಕಿ ಅದನ್ನ ನೋಡಿ ನಕ್ಕ."

ತ್ರಾಮ್ ಅವಳ ಕಡೆ ತಿರುಗಿದ್ದಳು.

"ಆವತ್ತು ಮನಿಗೆ ಹೋಗಿ ಹಳೇ ಸೀರಿ ಹರಿದು ಎದಿಗೆ ಬಿಗಿದು ಕಟ್ಟಿದೆ. ಹತ್ತು ದಿವಸ ಕಟ್ಟಿದೆ. ಹಾಲು ಬತ್ತಿತು. ಎಲ್ಲಾರಿಗೂ ಹಾಲು ಬರಲಿಲ್ಲ ಅಂತ ಹೇಳಿದೆ. ನಮ್ಮವ್ವಗೂ ಹಂಗ ಬರೆದೆ. ಮೊನ್ನೆ ನಿನಗ ಎಂಥಾ ತಾಯಿ ಅಂದ್ನೆಲ್ಲ, ಅದು ನಿನಗ ಅಂದಿದ್ದಲ್ಲ."

ಹಿಂದಿನ ಸೀಟಿನಲ್ಲಿ ತೆಪ್ ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು. ತ್ರಾಮ್ ಹಿಂದಕ್ಕೆ ಕೈ ಚಾಚಿ ಅದರ ಹೊದಿಕೆ ಸರಿಮಾಡಿದಳು. ಕಾರಿನ ಬಾಗಿಲು ತೆರೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮ ಮಗಳಿಗೆ ಗೊತ್ತಾ?"

"ಇಲ್ಲ," ಎಂದಳು ಕಮಲವ್ವ.

ಮೂರು ದಿನದಲ್ಲಿ ಜ್ವರ ಇಳಿಯಿತು. ಕಮಲವ್ವ ದಿನಾ ಹೋಗಿ ಬಿಸಿ ಬಟ್ಟೆಯ ಶಾಖ ಕೊಟ್ಟು ಬಂದಳು, ಉಂಡೆಯನ್ನಾಗಲಿ ಪಾಯಸವನ್ನಾಗಲಿ ಒಯ್ಯಲಿಲ್ಲ. ಕುಂಡಕ್ಕೆ ಹಾಲು ಬೀಳುವುದು ಮತ್ತೆ ಶುರುವಾಯಿತು. ಕಂಡೂ ಕಾಣದಂತೆ ಇದ್ದಳು. ಮುಂದಿನ ವಾರ ಮೆಕಿನ್ನಿಯ ಬಾಣಂತನಕ್ಕೆ ಹೊರಡುವ ದಿನ ತ್ರಾಮ್‌ಗೆ ಹೇಳಿದ್ದು ಇಷ್ಟೇ: "ಗಿಡಕ್ಕ ನೀರು ಹಾಕು. ನಿನಗ ಹೆಂಗ ತಿಳೀತದ ಹಂಗ ಮಾಡು."

ಮೆಕಿನ್ನಿಯಲ್ಲಿ ಪ್ರಗತಿ ಎಂಬ ಹುಡುಗಿ, ಗಂಡ ಉಲ್ಲಾಸ್. ಬೆಂಗಳೂರಿನವರು, ಪಕ್ಕದ ಊರು ಪ್ಲೇನೋದಲ್ಲಿ ಆಫೀಸು. ಪ್ರಗತಿಗೆ ಹಾಲು ಬಂದಿತ್ತು, ಜೊತೆಗೆ ಒಡೆದ ಮೊಲೆತೊಟ್ಟಿನ ನೋವೂ ಬಂದಿತ್ತು. ಎರಡನೇ ವಾರದ ಒಂದು ಮಧ್ಯಾಹ್ನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಯ್ಗುಳಕ್ಕೆ ತಯಾರಾದವಳಂತೆ ಕೇಳಿದಳು: "ಆಂಟಿ, ಇವತ್ತು ಒಂದು ಸಲ ಬಾಟಲ್ ಕೊಟ್ಬಿಡ್ಲಾ? ನಂಗಾಗ್ತಿಲ್ಲ."

ಕಮಲವ್ವ ಸೌಟು ಕೆಳಗಿಟ್ಟಳು. "ಡಬ್ಬಿ ಎಲ್ಲಿಟ್ಟೀರಿ?" ಎಂದಳು. ನೀರು ಕಾಯಿಸಿ, ಆರಿಸಿ, ಡಬ್ಬಿಯ ಮೇಲೆ ಬರೆದಷ್ಟೇ ಪುಡಿ ಹಾಕಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಟ್ಟಳು. ಕೈ ಮರೆತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನಕ್ಕೆ ಏಳು ಸಲ ಮಾಡಿದ ಕೆಲಸ. ಪ್ರಗತಿ ಸಂಜೆಯವರೆಗೆ ಮಲಗಿ ಎದ್ದು, ತಾನೇ ಕೇಳಿ ಮಗುವನ್ನು ಎದೆಗೆ ತೆಗೆದುಕೊಂಡಳು. ಕಮಲವ್ವನೇ ಬಾಟಲಿ ಕೊಟ್ಟರಂತೆ ಎಂದು ಉಲ್ಲಾಸ್ ಯಾರಿಗೋ ಫೋನಿನಲ್ಲಿ ಆಶ್ಚರ್ಯದಿಂದ ಹೇಳುವುದು ಕೇಳಿಸಿತು. ಹೇಳಿಕೊಳ್ಳಲಿ ಎಂದುಕೊಂಡಳು.

ಆ ನಲವತ್ತು ದಿನ ಅವಳು ತ್ರಾಮ್‌ಗೆ ಫೋನ್ ಮಾಡಲಿಲ್ಲ. ಮಾಡಿದರೆ ಕೇಳದೆ ಇರಲಾಗುವುದಿಲ್ಲ, ಕೇಳಿದರೆ ಅದು ಒತ್ತಾಯವೇ ಆಗುತ್ತದೆ. ವೈಷ್ಣವಿಯ ಫೋನ್ ಬಂದಾಗ ಮೂರು ಸಲ ಹೇಳಲು ಹೊರಟು ಮೂರು ಸಲವೂ ಬೇರೇನೋ ಹೇಳಿದಳು.

ಹ್ಯೂಸ್ಟನ್ನಿನಲ್ಲಿ ಬಸ್ಸಿಳಿದಾಗ ಸಂಜೆ ಆರೂವರೆ. ಮೆಟ್ಟಿಲು ಹತ್ತಿ, ಮನೆಯ ಬೀಗ ತೆಗೆಯುವ ಮುಂಚೆ, ಚೀಲ ಹೆಗಲ ಮೇಲಿರುವಾಗಲೇ ಕುಂಡದ ಹತ್ತಿರ ಹೋಗಿ ಬಗ್ಗಿದಳು. ಗಿಡ ಚಿಗುರಿತ್ತು, ಮಣ್ಣು ತೇವವಾಗಿತ್ತು. ಬೆರಳಿಟ್ಟು ಮೂಸಿದಳು, ಬರೀ ನೀರು. ಇರುವೆ ಒಂದೂ ಇರಲಿಲ್ಲ.

ಅದರಿಂದ ಏನೂ ಗೊತ್ತಾಗಲಿಲ್ಲ. ಹಾಲು ಕೂಸಿಗೆ ಹೋದರೂ ಕುಂಡದಲ್ಲಿ ಇರುವೆ ಇರುವುದಿಲ್ಲ. ಹಾಲು ಬತ್ತಿದರೂ ಇರುವುದಿಲ್ಲ. ಕಮಲವ್ವ ಪಕ್ಕದ ಬಾಗಿಲ ಮುಂದೆ ಕೈಯೆತ್ತಿ ನಿಂತಳು, ಬಡಿಯುವ ಧೈರ್ಯವಾಗಲಿಲ್ಲ. ಎಷ್ಟೋ ಮನೆಗಳ ಬಾಣಂತಿ ಕೋಣೆಗೆ ಹೇಳದೆ ಕೇಳದೆ ನುಗ್ಗಿದ ಹೆಂಗಸು.

ಬಾಗಿಲು ತಾನಾಗಿ ತೆರೆಯಿತು. ಬಾ ನಾಮ್ ಕಸದ ಚೀಲ ಹಿಡಿದು ಹೊರಟಿದ್ದಳು. ಕಮಲವ್ವನನ್ನು ಕಂಡು ಹಲ್ಲಿಲ್ಲದ ಬಾಯಲ್ಲಿ ನಕ್ಕು, ತುಟಿಯ ಮೇಲೆ ಬೆರಳಿಟ್ಟು, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಮೇಜಿನ ಮೇಲೆ ಡಬ್ಬಿ ಹಾಲು ಇತ್ತು, ತೊಳೆದು ಬೋರಲು ಹಾಕಿದ ಎರಡು ಬಾಟಲಿಗಳಿದ್ದವು. ಅದರಾಚೆ, ಕಿಟಕಿಯ ಕೆಳಗೆ, ತ್ರಾಮ್ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬೇರೆ ಅಂಗಿ ತೊಟ್ಟು ಕೂತಿದ್ದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲ ಕಡೆ ನೋಡಲಿಲ್ಲ. ಅವಳ ಕಣ್ಣು ಎದೆಗೆ ಅಂಟಿದ ಕೂಸಿನ ಗಂಟಲ ಮೇಲಿತ್ತು. ಅದು ನುಂಗುವುದನ್ನು ಗುಟುಕು ಗುಟುಕಾಗಿ ನೋಡುತ್ತಿದ್ದಳು. ಭಯ ಹೋಗಿರಲಿಲ್ಲ, ಅದು ಆ ನೋಟದಲ್ಲೇ ಗೊತ್ತಾಗುತ್ತಿತ್ತು. ಭಯ ಇಟ್ಟುಕೊಂಡೇ ಕೊಡುತ್ತಿದ್ದಳು.

ಕಮಲವ್ವ ಸದ್ದು ಮಾಡದೆ ಹಿಂದೆ ಬಂದಳು. ಪಡಸಾಲೆಯಲ್ಲಿ ಕುಂಡದ ಪಕ್ಕ ಚೀಲ ಇಳಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಅಲ್ಲೇ ನೆಲದ ಮೇಲೆ ಕೂತಳು. ಈಗ ಎದ್ದರೆ ಮತ್ತೆ ಹೇಳಲು ಆಗಲಿಕ್ಕಿಲ್ಲ ಎಂದು ಆಸ್ಟಿನ್ನಿಗೆ ಫೋನ್ ಹಚ್ಚಿದಳು.

"ಅವ್ವಾ? ರೀಚ್ ಆದ್ಯಾ? ಈಸ್ ಎವ್ರಿಥಿಂಗ್ ಓಕೆ?" ಎಂದಳು ವೈಷ್ಣವಿ.

"ಮುಟ್ಟೇನಿ. ನಿನಗ ಒಂದು ಮಾತು ಹೇಳೋದೈತಿ." ಕುಂಡದ ಅಂಚು ಹಿಡಿದುಕೊಂಡಳು. "ನೀ ಹುಟ್ಟಿದಾಗ ನನಗ ಹಾಲು ಬರಲಿಲ್ಲ ಅಂತ ಹೇಳಿದ್ನೆಲ್ಲ. ಸುಳ್ಳು ಅದು. ಬಂದಿತ್ತು ತಾಯಿ. ಭಾಳ ಬಂದಿತ್ತು."